ಸೇತುವೆಯ ಈಚೆ ಬದಿಯ ದಲ್ಲಾಳಿ

ಕಳೆದ ತಿಂಗಳು ಯಾರೋ ನಮ್ಮ ಗೇಟಿಗೆ ಒಂದು ಕ್ಯಾಲೆಂಡರ್ ಸಿಕ್ಕಿಸಿ ಹೋಗಿದ್ದರು. ಸುರುಳಿ ಬಿಡಿಸಿದೊಡನೆ ಹೊಸ ಕಾಗದದ, ಇನ್ನೂ ಆರದ ಮಸಿಯ ವಾಸನೆ ಬಂತು. ತಾರೀಖುಗಳಿಗಿಂತ ದೊಡ್ಡದಾಗಿ ಒಬ್ಬ ಯುವಕನ ಫೋಟೋ. ನಮ್ಮ ಬೀದಿಯ ಸೈಟು, ಮನೆ ಏನೇ ಮಾರುವುದಿದ್ದರೂ ತನ್ನನ್ನೇ ಕೇಳಬೇಕೆಂದು ಕೆಳಗೆ ಬರೆದಿತ್ತು. ಬೀದಿಯ ಕೊನೆಯವರೆಗೂ ಪ್ರತಿ ಗೇಟಿನಲ್ಲೂ ಅದೇ ಸುರುಳಿ. ಉಳಿದವರು ಅದನ್ನು ಏನು ಮಾಡಿದರೋ ಗೊತ್ತಿಲ್ಲ. ನಾನು ಮಾತ್ರ ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡೇ ನಿಂತಿದ್ದೆ. ಆ ವಾಸನೆ ನನ್ನನ್ನು ಕಕ್ಕಬೆಯ ನಮ್ಮ ಹಳೆಯ ಮನೆಯ ಜಗಲಿಗೆ ಕರೆದೊಯ್ದಿತ್ತು…

ನಾನು ನೆಲ್ಯಹುದಿಕೇರಿಯಿಂದ ಮದುವೆಯಾಗಿ ಕಕ್ಕಬೆಗೆ ಬಂದದ್ದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ. ಬೆಟ್ಟದ ಬುಡದಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟ. ಮಾವನವರು ತೋಟ ನೋಡಿಕೊಳ್ಳುತ್ತಿದ್ದರು. ಮಡಿಕೇರಿಯಲ್ಲಿ ನೌಕರಿಯಲ್ಲಿದ್ದ ನನ್ನ ಗಂಡ ರಜೆಗೆ ಬರುತ್ತಿದ್ದರು. ಘಟ್ಟದ ಕೆಳಗಿನವರು, ಬಯಲುಸೀಮೆಯವರು ಬಂದು ಭೂಮಿಯನ್ನೆಲ್ಲ ಕೊಂಡುಬಿಡುತ್ತಾರೆ ಎಂಬ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಅಂಥ ಕಾಲದಲ್ಲಿ ಒಬ್ಬ ತೋಟದ ದಲ್ಲಾಳಿ ನಮ್ಮ ಮನೆಗೆ ತಪ್ಪದೆ ಬರುತ್ತಿದ್ದರು.

ಅವರ ಊರು ಶನಿವಾರಸಂತೆಯ ಕಡೆ. ಕಕ್ಕಬೆಯಲ್ಲಿ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಹಣೆಯಲ್ಲಿ ವಿಭೂತಿ, ಕಚ್ಚೆಪಂಚೆಯ ಮೇಲೆ ಕಂದು ಕೋಟು, ಹೆಗಲಿಗೆ ಬಟ್ಟೆಯ ಚೀಲ. ಹೊಸ ವರ್ಷಕ್ಕೆ ಮೈಸೂರಿನಿಂದ ದೇವರ ಪಟದ ಕ್ಯಾಲೆಂಡರ್ ತರಿಸಿ ಮನೆಮನೆಗೂ ಕೊಡುತ್ತಿದ್ದರು. ಅದರಲ್ಲಿ ಅವರ ಹೆಸರಿರುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಚೀಲದಲ್ಲಿ ಒಂದು ಮನೆಯ ಮೆಣಸಿನ ಬಳ್ಳಿ ಇನ್ನೊಂದು ಮನೆಗೆ, ಆ ಮನೆಯ ಗುಲಾಬಿ ಕಡ್ಡಿ ಮತ್ತೊಂದು ಮನೆಗೆ ಹೋಗುತ್ತಿತ್ತು. ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ಜ್ವರ, ಯಾವ ಹುಡುಗಿಗೆ ಗಂಡು ನೋಡುತ್ತಿದ್ದಾರೆ ಎಂಬ ಸುದ್ದಿಯೂ ಅವರೊಂದಿಗೇ ನಡೆದು ಬರುತ್ತಿತ್ತು. ಚಾಡಿ ಮಾತ್ರ ಬರುತ್ತಿರಲಿಲ್ಲ. ಜಗಲಿಯ ಅಂಚಿನಲ್ಲಿ ಕೂತು ಕಾಫಿ ಕುಡಿದು, "ಬತ್ತೀನಿ ಕಣವ್ವ" ಎಂದು ಎದ್ದು ಹೋಗುತ್ತಿದ್ದರು. ತೋಟ ಮಾರುತ್ತೀರಾ ಎಂದು ಒಮ್ಮೆಯೂ ಕೇಳಿದವರಲ್ಲ.

ನಮ್ಮ ಮನೆಯ ಮಾತು ಕೊಡಗಿನ ಗೌಡರ ಅರೆಭಾಷೆ. ಅವರೊಡನೆ ಮಾತ್ರ ಎಲ್ಲರೂ ಕನ್ನಡಕ್ಕೆ ತಿರುಗುತ್ತಿದ್ದರು. ಒಂದು ಸಲ ಮಾವನವರು ನಗುತ್ತ ಕೇಳಿದರು: "ಅಲ್ಲ ಮಾರಾಯ್ರೆ, ಇಷ್ಟು ಕಾಲದಿಂದ ಬರ್ತಾ ಇದ್ದೀರಿ. ಒಂದು ಹಿಡಿ ಮಣ್ಣು ಮಾರ್ಸಿದ್ದು ನಾನು ಕಾಣ್ಲಿಲ್ಲ. ನಿಮ್ಗೆ ಹೊಟ್ಟೆಪಾಡು ಹೇಗೆ?"

"ಕಾಫಿ ಗಿಡ ನೆಟ್ಟ ವರ್ಸವೇ ಹಣ್ಣು ಬಿಡ್ತದಾ ಗೌಡ್ರೆ? ಎಲ್ರಿಗೂ ಒಂದಲ್ಲ ಒಂದಿನ ಮಾರೋ ಕಾಲ ಬತ್ತದೆ, ಕೊಳ್ಳೋ ಕಾಲ ಬತ್ತದೆ. ಆಗ ನನ್ನ ಮುಖ ನೆಪ್ಪಾದ್ರೆ ಸಾಕು."

ಊರಂಚಿನ ಹೊಳೆಯ ಸೇತುವೆ ದಾಟಿ ಅವರು ವ್ಯಾಪಾರಕ್ಕೆ ಹೋಗುತ್ತಿರಲಿಲ್ಲ. ಸೇತುವೆಯಾಚೆ ಬಿಟ್ಟಂಗಾಲದಲ್ಲಿ ಒಳ್ಳೆಯ ಎಸ್ಟೇಟೊಂದು ಮಾರಾಟಕ್ಕಿದೆ, ಬನ್ನಿ ಎಂದು ಯಾರೋ ಕರೆದಾಗಲೂ ಒಲ್ಲೆ ಎಂದರಂತೆ. ಯಾಕೆಂದು ನನ್ನ ಅತ್ತೆ ಕೇಳಿದ್ದಕ್ಕೆ, "ಅಲ್ಲಿ ನಂಗೆ ಯಾರೂ ಗೊತ್ತಿಲ್ಲ ಕಣವ್ವ. ಗೊತ್ತಿಲ್ದೋರ ಭೂಮೀನ ನಾನು ಏನಂತ ಹೇಳಿ ಮಾರ್ಲಿ?" ಎಂದಿದ್ದರು. ಹಾಗೆ ಕೆಲವು ವರ್ಷ ಕಳೆದ ಮೇಲೆ ಒಂದೊಂದಾಗಿ ಸಣ್ಣಪುಟ್ಟ ವ್ಯವಹಾರಗಳು ಅವರ ಕೈಯಿಂದಲೇ ಆಗತೊಡಗಿದವು. ಪೇಟೆಯಿಂದ ಕಾರಿನಲ್ಲಿ ಬಂದ ಬೇರೆ ದಲ್ಲಾಳಿಗಳನ್ನು ನಮ್ಮ ಕಡೆಯವರು ಜಗಲಿ ಹತ್ತಿಸುತ್ತಿರಲಿಲ್ಲ.

ನಮ್ಮ ತೋಟದ ಮೇಲ್ಭಾಗದಲ್ಲಿ ಇನ್ನೊಂದು ತೋಟವಿತ್ತು. ಅದರ ಒಡತಿಯನ್ನು ನಾವು ಮೇಲ್ಮನೆಯಮ್ಮ ಎನ್ನುತ್ತಿದ್ದೆವು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಾನು ಹೊಸದಾಗಿ ಬಂದಾಗ ಮಾತಿಗೆ ಸಿಕ್ಕ ಮೊದಲ ನೆರೆಯವರು ಅವರೇ. ಅವರ ತೋಟದ ಆಳುಗಳ ಸಂಸಾರಗಳು ಅಲ್ಲೇ ಲೈನ್ ಮನೆಗಳ ಸಾಲಿನಲ್ಲಿದ್ದವು. ತೋಟದ ತಲೆಯಲ್ಲಿ ಹಳೆಯ ಕಾಡುಮರಗಳ ಒಂದು ತೋಪು. ತೋಪಿನ ಬುಡದಲ್ಲಿ ಒಂದು ಒರತೆ. ಅದರ ನೀರೇ ಸಣ್ಣ ತೊರೆಯಾಗಿ ನಮ್ಮ ಮನೆಯ ಹಿಂದೆ ಹರಿದು, ಕೆಳಗಿನ ಇನ್ನೂ ಕೆಲವು ಮನೆಗಳಿಗೆ ಹೋಗುತ್ತಿತ್ತು. ನಮ್ಮ ಅಡುಗೆಯ ನೀರು ಅದೇ.

ಮಂಡಿನೋವು ಜಾಸ್ತಿಯಾಗಿ ಮೇಲ್ಮನೆಯಮ್ಮನಿಗೆ ತೋಟ ಹತ್ತಿ ಇಳಿಯಲು ಆಗದಾಯಿತು. ಬಿಟ್ಟಂಗಾಲದ ತಮ್ಮನ ಮನೆಗೆ ಹೋಗುವುದೆಂದು ತೀರ್ಮಾನಿಸಿ ಅವರು ದಲ್ಲಾಳಿಯವರನ್ನು ಕರೆಸಿದರು. ಬೇರೆ ಯಾರನ್ನಾದರೂ ಕರೆಯುವ ಯೋಚನೆಯೇ ಅವರಿಗೆ ಬಂದಿರಲಾರದು. ನಾನು ಆ ದಿನ ಅಲ್ಲೇ ಇದ್ದೆ. ಬೆಲೆಯ ಮಾತು ಆಮೇಲೆ ಎಂದು ಮೇಲ್ಮನೆಯಮ್ಮ ಎರಡೇ ವಿಷಯ ಹೇಳಿದರು.

"ಮೇಲಿನ ತೋಪಿಗೆ ಕತ್ತಿ ಹಾಕ್ಬಾರದು. ಲೈನ್ ಮನೆಯವರನ್ನು ಎಬ್ಬಿಸ್ಬಾರದು. ಇದಕ್ಕೆ ಒಪ್ಪಿದವರಿಗೆ ಕೊಡಿ."

"ಹಂಗೇ ಆಗ್ಲಿ ತಾಯಿ. ಅಂಥೋರನ್ನೇ ಕರ್ಕಂಡ್ ಬತ್ತೀನಿ. ನನ್ ಮಾತು."

ದಲ್ಲಾಳಿಯವರು ಕರೆತಂದವರು ಬಯಲುಸೀಮೆಯ ಒಬ್ಬ ಸಾಹುಕಾರರು. ಮೆತ್ತಗಿನ ಮಾತು, ಕೈಮುಗಿಯುವ ಅಭ್ಯಾಸ. ಎರಡು ಷರತ್ತಿಗೂ ಹೂಂಗುಟ್ಟಿದರು. ಕಾಫಿ ಕೊಯ್ಲು ಶುರುವಾಗುವ ಮುಂಚೆ ರಿಜಿಸ್ಟ್ರಿ ಆಯಿತು. ಹೊರಡುವ ದಿನ ಮೇಲ್ಮನೆಯಮ್ಮ ಲೈನಿನ ಪ್ರತಿ ಬಾಗಿಲಿಗೂ ಹೋಗಿ ಹೇಳಿ ಬಂದರು: "ನಿಮಗೇನೂ ಆಗುದಿಲ್ಲ. ದಲ್ಲಾಳಿಯವರು ಮಾತು ಕೊಟ್ಟಿದ್ದಾರೆ."

ಕೊಯ್ಲು ಮುಗಿಯುತ್ತಿದ್ದಂತೆ ಲಾರಿಗಳು ಬಂದವು. ಮೊದಲ ದಿನ ನಾವು ಒಣಗಿದ ಮರ ತೆಗೆಯುತ್ತಿದ್ದಾರೆ ಎಂದುಕೊಂಡೆವು. ಗರಗಸದ ಸದ್ದು ನಿಲ್ಲಲಿಲ್ಲ. ತೋಪು ಹೋಯಿತು, ಕಾಫಿಗೆ ನೆರಳಾಗಿದ್ದ ಮರಗಳೂ ಹೋದವು. ಬಿಸಿಲಿಗೆ ಬಿದ್ದ ಗಿಡಗಳು ನೋಡನೋಡುತ್ತ ಹಳದಿಯಾದವು. ತೋಟವೇ ಇಲ್ಲದ ಮೇಲೆ ಆಳುಗಳೇಕೆ ಎಂದು ಲೈನ್ ಖಾಲಿ ಮಾಡಿಸಿದರು. ತಗಡಿನ ಪೆಟ್ಟಿಗೆ, ಕೋಳಿಬುಟ್ಟಿ, ಮಕ್ಕಳನ್ನು ಹೊತ್ತು ಆ ಸಂಸಾರಗಳು ನಮ್ಮ ಮನೆಯ ಮುಂದಿನಿಂದಲೇ ಇಳಿದು ಹೋದವು. ಯಾರೂ ಜೋರಾಗಿ ಅಳುತ್ತಿರಲಿಲ್ಲ. ಮಾವನವರು ಜಗಲಿಯಿಂದ ಎದ್ದು ಒಳಗೆ ಹೋದರು. ಬೇಸಿಗೆ ಬರುವಷ್ಟರಲ್ಲಿ ಒರತೆ ಬತ್ತಿತು. ನಾನು ಮತ್ತು ಅತ್ತೆ ಹೊಳೆಯಿಂದ ನೀರು ಹೊರತೊಡಗಿದೆವು.

ದಲ್ಲಾಳಿಯವರು ತಲೆ ತಪ್ಪಿಸಿಕೊಳ್ಳುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವರು ಎಂದಿನಂತೆ ಬಂದರು. ಅಂಗಳದಲ್ಲೇ ನಿಂತರು.

"ಎಷ್ಟು ಸಿಕ್ತು ನಿಮ್ಗೆ, ನಮ್ಮ ನೀರು ಮಾರಿದ್ದಕ್ಕೆ?" ಎಂದರು ಮಾವನವರು.

"ಅವ್ರು ಹೂಂ ಅಂದ್ರು, ನಾನು ನಂಬ್ದೆ. ಪತ್ರದಲ್ಲಿ ಬರಸ್ಬೇಕಾಗಿತ್ತು ಗೌಡ್ರೆ, ಬರಸ್ಲಿಲ್ಲ. ಕರ್ಕಂಡ್ ಬಂದೋನು ನಾನೇ."

"ಹೋಗಿ."

ಅವರು ಹೋದರು. ಕಾಫಿ ಕೊಡಬಾರದೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಒಲೆಯ ಮುಂದಿನಿಂದ ಏಳಲಿಲ್ಲ. ಮುಂದಿನ ಮನೆಯಲ್ಲೂ ಅದೇ ಆಯಿತಂತೆ, ಅದರ ಮುಂದಿನದರಲ್ಲೂ. ಆದರೆ ಸುತ್ತು ಮಾತ್ರ ಅವರು ಬಿಡಲಿಲ್ಲ. ಬರುವುದು, ಅಂಗಳದ ಅಂಚಿನಲ್ಲಿ ಒಂದು ಗಳಿಗೆ ನಿಲ್ಲುವುದು, ಯಾರೂ ಮಾತಾಡಿಸದಿದ್ದರೆ ಕೈಮುಗಿದು ಮುಂದೆ ಹೋಗುವುದು. ಆ ವರ್ಷದ ಕ್ಯಾಲೆಂಡರನ್ನು ಕಂಬಕ್ಕೆ ಒರಗಿಸಿಟ್ಟು ಹೋಗಿದ್ದರು. ನಮ್ಮ ಮನೆಯಲ್ಲಿ ಅದನ್ನು ಯಾರೂ ಗೋಡೆಗೆ ಹಾಕಲಿಲ್ಲ.

ವ್ಯಾಪಾರಕ್ಕೂ ಸೇತುವೆ ದಾಟದ ಮನುಷ್ಯ ಒಮ್ಮೆ ಬಿಟ್ಟಂಗಾಲಕ್ಕೆ ಹೋದರು. ಇದನ್ನು ಮುಂದೊಮ್ಮೆ ಮೇಲ್ಮನೆಯಮ್ಮನೇ ನನಗೆ ಹೇಳಿದ್ದು. "ಬೇರೆಯವರ ಬಾಯಿಂದ ಕೇಳೋದಕ್ಕೆ ಮುಂಚೆ ನಾನೇ ಹೇಳ್ಬೇಕು ಅಂತ ಬಂದೆ ತಾಯಿ" ಎಂದು ಬಾಗಿಲಲ್ಲೇ ನಿಂತು ಎಲ್ಲ ಹೇಳಿದರಂತೆ. ಒರತೆಯ ಮೇಲಿದ್ದ ದೊಡ್ಡ ಅತ್ತಿಮರವೂ ಹೋಯಿತಾ ಎಂದು ಮೇಲ್ಮನೆಯಮ್ಮ ಕೇಳಿದರು. "ಅದೂ ಹೋಯ್ತು." ಲೈನಿನವರು ಎಲ್ಲಿದ್ದಾರೆ ಎಂದು ಕೇಳಿದರೆ ದಲ್ಲಾಳಿಯವರಿಗೆ ಗೊತ್ತಿರಲಿಲ್ಲ. "ಹಾಗಾದ್ರೆ ಅದನ್ನು ತಿಳ್ಕೊಂಡು ಬನ್ನಿ. ಸುಮ್ನೆ ನನ್ನ ಮುಂದೆ ನಿಂತು ಎಂತ ಪ್ರಯೋಜನ?" ಎಂದು ಗದರಿಸಿ, ಆಮೇಲೆ ಊಟಕ್ಕೆ ಎಲೆ ಹಾಕಿದರಂತೆ. ಅವರು ತಲೆ ತಗ್ಗಿಸಿಕೊಂಡೇ ಉಂಡು ಹೋದರು.

ಮರ ಮಾರಿ ಮುಗಿದ ಮೇಲೆ ಸಾಹುಕಾರರಿಗೆ ಆ ಬೋಳು ಗುಡ್ಡ ಬೇಡವಾಯಿತು. ಕೊಳ್ಳುವವರೂ ಇರಲಿಲ್ಲ. ಆಗ ಒಂದು ಮಧ್ಯಾಹ್ನ ದಲ್ಲಾಳಿಯವರು ಅಂಗಳದ ಅಂಚು ಬಿಟ್ಟು ಮುಂದೆ ಬಂದು, ಜಗಲಿಯ ಮೆಟ್ಟಿಲ ಹತ್ತಿರ ನಿಂತು, ಕೂರಲು ಯಾರೂ ಹೇಳದಿದ್ದರೂ ಮಾತು ಶುರುಮಾಡಿದರು. ತೊರೆಯ ನೀರು ಕುಡಿಯುವ ಮನೆಗಳೆಲ್ಲ ಸೇರಿ ಆ ಭೂಮಿ ಕೊಳ್ಳಬೇಕು. ತಗ್ಗಿನ ಪಾಲು ಹಂಚಿಕೊಳ್ಳಲಿ. ಒರತೆಯ ತಲೆ ಯಾರ ಪಾಲಿಗೂ ಬೇಡ, ಎಲ್ಲರದ್ದೂ ಆಗಿರಲಿ. ಮರ ಕಡಿಯುವಂತಿಲ್ಲ ಎಂದು ಪತ್ರದಲ್ಲೇ ಇರಲಿ.

"ನಿಮ್ಮ ಕಮಿಷನ್?" ಎಂದರು ಮಾವನವರು.

"ಎಂದಿನ ಹಂಗೇ."

"ಅದನ್ನೂ ತಗೊಳ್ತೀರಾ?"

"ತಗತೀನಿ. ಕೆಲ್ಸ ಮಾಡ್ತೀನಿ, ತಗತೀನಿ. ಮೊದ್ಲು ಮಾಡಿದ್ದಕ್ಕೆ ಇದು ದಂಡ ಅಂತ ತಿಳ್ಕಬೇಡಿ. ಅದು ತೀರೋ ಅಂಥದ್ದಲ್ಲ."

ಮಾವನವರು ಒಳಗೆ ತಿರುಗಿ ನನಗೆ ಕೂಗಿ ಕಾಫಿ ತರಲು ಹೇಳಿದರು. ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆಯೊಡನೆ ಅವರು ಅಂದದ್ದು ನನಗೆ ನೆನಪಿದೆ: ಕಮಿಷನ್ ಬೇಡವೆಂದಿದ್ದರೆ ಈ ಮನುಷ್ಯನನ್ನು ಮತ್ತೆ ನಂಬುತ್ತಿರಲಿಲ್ಲ, ಅದರಲ್ಲೂ ಏನೋ ಇದೆ ಎಂದುಕೊಳ್ಳುತ್ತಿದ್ದೆ ಎಂದು.

ಉಳಿದ ಮನೆಗಳನ್ನು ಒಪ್ಪಿಸಲು ಮಳೆಗಾಲವಿಡೀ ಹಿಡಿಯಿತು. ಒಬ್ಬರು ಒಪ್ಪಿದರೆ ಇನ್ನೊಬ್ಬರಿಗೆ ಮುನಿಸು. ಅಷ್ಟು ಕಾಲ ಮನೆಮನೆ ನಡೆದದ್ದು ಆಗ ಕೆಲಸಕ್ಕೆ ಬಂತು. ಯಾರನ್ನು ಯಾರ ಮುಂದೆ ಕೂರಿಸಬೇಕು, ಯಾರನ್ನು ಬೇರೆಯಾಗಿ ಕಾಣಬೇಕು ಎಂದು ಅವರಿಗೆ ತಿಳಿದಿತ್ತು. ಪತ್ರವಾಯಿತು. ಒರತೆಯ ಸುತ್ತ ಅತ್ತಿ, ಹಲಸು, ಸಿಕ್ಕಿದ ಕಾಡುಗಿಡ ನೆಟ್ಟೆವು.

ಲೈನಿನವರನ್ನು ಅವರು ಹುಡುಕಿಯೂ ಇದ್ದರು. ಹೆಚ್ಚಿನವರು ನೆಲ್ಯಹುದಿಕೇರಿಯ ಎಸ್ಟೇಟುಗಳಲ್ಲಿದ್ದರು. ಅದು ನನ್ನ ತವರಾದ್ದರಿಂದ ನಾನು ಹೋದಾಗ ಕೆಲವರನ್ನು ಕಂಡೆ. ಎರಡು ಸಂಸಾರ ನಮ್ಮ ಕಡೆಯ ತೋಟಗಳ ಕೆಲಸಕ್ಕೆ ವಾಪಸು ಬಂದವು. ಉಳಿದವರು ಬರಲಿಲ್ಲ. "ಇಲ್ಲಿಂದ್ಲೂ ಎಬ್ಬಿಸಿದ್ರೆ ಆಗ ನೋಡುವ ಅಕ್ಕ" ಎಂದು ಒಬ್ಬಳು ನನ್ನೊಡನೆ ನಕ್ಕಳು. ಅವಳ ಕಿರಿಯ ಮಗು ಆ ಅಲೆದಾಟದಲ್ಲಿ ಜ್ವರ ಬಂದು ತೀರಿಹೋಗಿತ್ತೆಂದು ನನಗೆ ಗೊತ್ತಾದದ್ದು ಆಮೇಲೆ. ದಲ್ಲಾಳಿಯವರಿಗೆ ಅದು ಮೊದಲೇ ಗೊತ್ತಿತ್ತು. ನಮ್ಮ ಜಗಲಿಗೆ ಅವರು ತಾರದೆ ಉಳಿಸಿಕೊಂಡ ಸುದ್ದಿ ಅದೊಂದೇ ಇರಬೇಕು…

ಒರತೆ ನಿಧಾನವಾಗಿ ಮರಳಿತು, ಮೊದಲಿನಷ್ಟು ಅಲ್ಲ. ಅವರೂ ಬರುತ್ತಲೇ ಇದ್ದರು. ಈಗ ಯಾರ ಪರವಾಗಿಯೂ ಮಾತು ಕೊಡುತ್ತಿರಲಿಲ್ಲ. "ಪತ್ರದಲ್ಲಿ ಬರ್ಸಿ" ಎನ್ನುತ್ತಿದ್ದರು ಅಷ್ಟೆ. ನಡಿಗೆ ಕುಗ್ಗಿತು, ಚೀಲ ಹಗುರವಾಯಿತು. ಒಂದು ವರ್ಷ ಕ್ಯಾಲೆಂಡರ್ ಬರಲಿಲ್ಲ. ಊರಿಗೆ ಹೋದರು ಎಂದು ಅಂಗಡಿಯವನು ಹೇಳಿದ. ವಾಪಸು ಬರುತ್ತಾರೆಂದು ನಾವು ಅಂದುಕೊಂಡಿದ್ದೆವು.

ಬಹಳ ವರ್ಷದ ಮೇಲೆ ಯಾವುದೋ ಮದುವೆಗೆಂದು ಶನಿವಾರಸಂತೆಗೆ ಹೋಗಿದ್ದಾಗ ಅವರನ್ನು ವಿಚಾರಿಸಿದೆ. ಕಕ್ಕಬೆ ಕಡೆ ತೋಟದ ದಲ್ಲಾಳಿಯಾಗಿದ್ದವರು, ಕಂದು ಕೋಟು, ಎತ್ತರದ ಆಳು ಎಂದೆಲ್ಲ ಹೇಳಿದೆ. ಅಲ್ಲಿದ್ದ ಹಿರಿಯರೊಬ್ಬರು ಸಮಾಧಾನದಿಂದ ಕೇಳಿ, "ಹೆಸರೇನವ್ವ ಅವರದ್ದು?" ಎಂದರು. ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಪ್ರತಿ ಮನೆಯ ಕೂಸಿನ ಹೆಸರೂ ಅವರಿಗೆ ಬಾಯಿಪಾಠವಿತ್ತು. ಅವರ ಹೆಸರನ್ನು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಮಾವ, ಅತ್ತೆ, ಮೇಲ್ಮನೆಯಮ್ಮ ಯಾರೂ ಈಗಿಲ್ಲ. ಆ ಮನೆಗಳಲ್ಲಿ ಹೆಚ್ಚಿನವು ಹೋಂಸ್ಟೇ ಆಗಿವೆ. ಹೋದ ಬೇಸಿಗೆಯಲ್ಲಿ ಆ ಕಡೆ ಹೋಗಿದ್ದೆ. ಒರತೆಯ ತೋಪು ಒಳಗೆ ಹೊಕ್ಕರೆ ಬಿಸಿಲು ಬೀಳದಷ್ಟು ಬೆಳೆದಿದೆ. ಅಲ್ಲಿನ ಹುಡುಗನೊಬ್ಬ, ಇದು ದೇವರ ಕಾಡು ಇರಬೇಕು, ಇಲ್ಲಿ ಯಾರೂ ಮರ ಕಡಿಯುವುದಿಲ್ಲ ಎಂದ. ನಾನು ತಿದ್ದಲಿಲ್ಲ. ಯಾರ ಹೆಸರು ಹೇಳಿ ತಿದ್ದುವುದು? ಬಗ್ಗಿ ಒಂದು ಬೊಗಸೆ ನೀರು ಕುಡಿದು ಇಳಿದು ಬಂದೆ.