ಕೆಳಗೆ ನೋಡದೆ ಇಳಿದ ಮೆಟ್ಟಿಲು

ನೆದರ್‌ಲ್ಯಾಂಡ್ಸಿನ ಲೈಡನ್ನಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ನನ್ನ ಮೇಲಿನ ಮನೆಯಲ್ಲಿ ಬ್ರೆಜಿಲಿನ ಒಬ್ಬ ಹಿರಿಯರಿದ್ದರು. ನಾನು ಅಜ್ಜಿ ಎಂದು ಕರೆಯುತ್ತಿದ್ದೆ. ಅರ್ಥ ಹೇಳಿದ ಮೇಲೂ ಅವರು ಬೇಡ ಅನ್ನಲಿಲ್ಲ. ಒಂದು ಕಾಲಕ್ಕೆ ಅವರು ರಿಯೋದ ರೆವ್ಯೂ ನಾಟಕಗಳ ತಾರೆ. ಹಾಡು, ಕುಣಿತ, ಸರ್ಕಾರದ ಗೇಲಿ, ಎಲ್ಲವನ್ನೂ ಒಂದೇ ಎಲೆಯಲ್ಲಿ ಬಡಿಸುವಂಥ ಆಟ ಅದು. ಹಿಂದಿನ ಸಾಲಿನಲ್ಲಿ ಕುಣಿಯುತ್ತಿದ್ದವರು ನಾಲ್ಕೇ ವರ್ಷದಲ್ಲಿ, ರಂಗದ ಎತ್ತರದ ಮೆಟ್ಟಿಲುಗಳನ್ನು ಇಳಿದು ಬರುವ ನಾಯಕಿಯಾಗಿ ಮುಂದೆ ಬಂದರು. ಸಿನಿಮಾದವರೂ ಕರೆದರು. ಆರು ಹಾಸ್ಯಚಿತ್ರಗಳಾದವು. ಏಳನೆಯದರಲ್ಲಿ, ತಮಗಿಂತ ಎರಡು ವರ್ಷ ದೊಡ್ಡವನಾದ ನಾಯಕನಿಗೆ ತಾಯಿಯಾಗಿ ಎಂದರಂತೆ. ಸಿಟ್ಟಿಗೆದ್ದ ಅಜ್ಜಿ ಡಚ್ ಹಡಗಿನ ಎಂಜಿನಿಯರೊಬ್ಬರನ್ನು ಮದುವೆಯಾಗಿ ಇಲ್ಲಿಗೆ ಬಂದುಬಿಟ್ಟರು. ಎಂಬತ್ತೆರಡಾದರೂ ಆ ಸಿಟ್ಟು ಇಳಿದಿರಲಿಲ್ಲ.

ಎರಡನೇ ಲಾಕ್‌ಡೌನಿನಲ್ಲಿ ಅವರಿಗೆ ಕೊರೊನಾ ಬಂತು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಆಸ್ಪತ್ರೆಯಿಂದ ಬದುಕಿ ಬಂದರು, ಆದರೆ ಕಾಲಲ್ಲಿ ತ್ರಾಣವಿರಲಿಲ್ಲ; ಆಂಬ್ಯುಲೆನ್ಸಿನವರೇ ಹೊತ್ತು ಮೇಲೆ ಬಿಟ್ಟುಹೋದರು. ಫಿಸಿಯೋಥೆರಪಿಸ್ಟ್ ಖಡಾಖಂಡಿತವಾಗಿ ಹೇಳಿದರು: ತಿಂಗಳೊಳಗೆ ಮೆಟ್ಟಿಲನ್ನು ಒಬ್ಬರೇ ಇಳಿದರೆ ಈ ಮನೆ, ಇಲ್ಲದಿದ್ದರೆ ವೃದ್ಧಾಶ್ರಮ. ಡಚ್ಚರ ಮೆಟ್ಟಿಲೋ, ಅಟ್ಟಕ್ಕೆ ಒರಗಿಸಿದ ಏಣಿ! ಅಜ್ಜಿ ಅಂದು ಊಟ ಮುಟ್ಟಲಿಲ್ಲ.

ಮಾಸ್ಕ್ ಹಾಕಿಕೊಂಡು ದಿನವೂ ನಾನೇ ಅಭ್ಯಾಸ ಮಾಡಿಸಿದೆ. ಬುದ್ಧಿ ಹೇಳುವುದರಲ್ಲಿ ನಮ್ಮ ಧಾರವಾಡದವರನ್ನು ಮೀರಿಸುವವರು ಯಾರು? ಕೆಳಗೆ ನೋಡಿ, ಕಾಲು ನೋಡಿ ಇಡಿ ಎಂದು ಒಂದೇ ಸಮನೆ ಕೊರೆಯುತ್ತಿದ್ದೆ. ಅವರು ಪಾಪ, ನೋಡುತ್ತಿದ್ದರು. ನಾಲ್ಕನೇ ಮೆಟ್ಟಿಲಿಗೆ ತಲೆ ಸುತ್ತಿ ಕೂತುಬಿಡುತ್ತಿದ್ದರು.

ಫಿಸಿಯೋಥೆರಪಿಸ್ಟ್ ಪರೀಕ್ಷಿಸಲು ಬರಲಿದ್ದ ದಿನ ಬೆಳಿಗ್ಗೆಯೂ ಕೂತುಬಿಟ್ಟಾಗ ನಾನು ರೇಗಿದೆ. ನಮ್ಮದು ಹರಕು ಡಚ್ಚಿನ ಮಾತುಕತೆ. ನನ್ನ ನೆನಪಿನಲ್ಲಿ ಮಾತ್ರ ಅದು ನಮ್ಮ ಮನೆಯ ಕನ್ನಡದಲ್ಲೇ ಉಳಿದಿದೆ.

"ಹಂಗಾರ ನಾಟಕದಾಗ ಅಷ್ಟೆತ್ತರದ ಮೆಟ್ಟಲಾ ಹೆಂಗ ಇಳೀತಿದ್ರಿ?"

"ಕೆಳಗ ನೋಡ್ತಿದ್ದಿಲ್ಲ," ಎಂದರು. "ತಲಿ ಮ್ಯಾಲ ನಾಕು ಕಿಲೋ ಗರಿ ಕಿರೀಟ. ಬಗ್ಗಿದ್ರ ಮೊದ್ಲ ಕಿರೀಟ, ಅದರ ಹಿಂದ ನಾನು! ಕಣ್ಣು ಮಂದಿ ಕುಂತ ಕಡೀ ಸಾಲಿನ ಮ್ಯಾಲ. ಹಿಮ್ಮಡಿ ತಾನ ಮೆಟ್ಟಲಾ ಹುಡುಕತದ."

ಹೇಳಿ ಮುಗಿಸಿ ನನ್ನ ಮುಖ ನೋಡಿದರು. ಕೆಳಗೆ ನೋಡಿ ಎಂದೆಂದು ಇಷ್ಟು ದಿನ ಅವರನ್ನು ಕೂರಿಸುತ್ತಿದ್ದವಳು ನಾನೇ. ನಾಚಿಕೆಯಾಯಿತು.

ಫಿಸಿಯೋಥೆರಪಿಸ್ಟ್ ಬಂದರು. ಅಜ್ಜಿ ಒಂದು ಕೈ ಕಂಬಿಯ ಮೇಲಿಟ್ಟು, ಗದ್ದ ಎತ್ತಿ, ಬಾಗಿಲ ಮೇಲಿನ ಗಾಜನ್ನು ದಿಟ್ಟಿಸುತ್ತ ಹೊರಟರು. ಹಿಮ್ಮಡಿ ಪ್ರತಿ ಮೆಟ್ಟಿಲಿನ ಬೆನ್ನು ಸವರಿ ಕೆಳಗಿಳಿಯುತ್ತಿತ್ತು. ನಾಲ್ಕು ದಾಟಿತು. ಹನ್ನೊಂದಕ್ಕೆ ನಿಂತರು; ಮೆಟ್ಟಿಲ ಬುಡದಲ್ಲಿದ್ದ ನಾನು ಒಂದು ಹೆಜ್ಜೆ ಮುಂದೆ ಬಂದೆ. ದಮ್ಮು ಎಳೆದುಕೊಂಡು ಮತ್ತೆ ಹೆಜ್ಜೆ ಇಟ್ಟರು. ಹದಿನಾರು. ನೆಲ.

"ಮನೆಯಲ್ಲೇ ಇರಬಹುದು," ಎಂದು ಫಿಸಿಯೋಥೆರಪಿಸ್ಟ್ ಚಪ್ಪಾಳೆ ತಟ್ಟಿದರು. ಅಜ್ಜಿ ಬಾಗಿ ನಮಸ್ಕರಿಸಿ ನನ್ನತ್ತ ತಿರುಗಿದರು.

"ನೀ ಯಾಕ ಚಪ್ಪಾಳಿ ಹೊಡೀಲಿಲ್ಲ?"

ಅವರು ಬಿದ್ದರೆ ಹಿಡಿಯಲೆಂದು ಚಾಚಿದ್ದ ನನ್ನ ಎರಡೂ ಕೈಗಳು ಇನ್ನೂ ಹಾಗೆಯೇ ಇದ್ದವು.