ನೀರಡಿಕೆ ಖರೇನೋ, ಕಲಿಸಿದ್ದೋ

ಆಯಿಯ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ನೀರಿನ ಲೋಟ ಹಿಡಿದು ಬಾಗಿಲಿಗೆ ಬಂದರೆ ಆ ಬೆರಳು ಲೋಟಕ್ಕೆ ತಾಗದೆ, ಎದುರಿಗೆ ನಿಂತವನನ್ನೇ ತೋರಿಸುತ್ತಿತ್ತು. ಶಾಲೆಯೊಂದರಲ್ಲಿ ಸಿಪಾಯಿ ಕೆಲಸ ಮಾಡುತ್ತ ಇಪ್ಪತ್ತೆಂಟು ವರ್ಷ ಗಂಟೆ ಹೊಡೆದ ಕೈ ಅದು. ಬೈರಿದೇವರಕೊಪ್ಪದ ಆ ಓಣಿಯಲ್ಲಿ ಎಲ್ಲರಿಗೂ ಆಕೆ ಆಯಿ.

ನಾನು ಆಕೆಯ ಬಾಗಿಲಿಗೆ ಮೊದಲು ಹೋದದ್ದು ಸುಳ್ಳು ಹೇಳಲಿಕ್ಕೆ.

ನನಗಾಗ ಇಪ್ಪತ್ತಾರು. ಗ್ಯಾರೇಜಿನಲ್ಲಿ ದುಡಿಯುತ್ತಲೇ ಓದಿ, ಹಿಂದಿನ ವರ್ಷವಷ್ಟೇ ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ‘ಆಫೀಸ್ ಕೆಲಸ, ಅನುಭವ ಬೇಡ, ಆರು ತಿಂಗಳಲ್ಲಿ ಮ್ಯಾನೇಜರ್’ ಅಂತ ಮೊಬೈಲಿಗೆ ಒಂದು ಮೆಸೇಜು ಬಂತು. ಗೋಕುಲ ರಸ್ತೆಯಲ್ಲಿ ಒಂದು ಮಹಡಿಯ ಮೇಲೆ ಸಂದರ್ಶನ. ಟೈ ಕಟ್ಟಿದ ಸರ್ ಒಬ್ಬ ಎರಡೇ ಪ್ರಶ್ನೆ ಕೇಳಿ ಕೈ ಕುಲುಕಿದ. ಕಲಿತದ್ದು ಸಾರ್ಥಕವಾಯಿತು ಎಂದು ಗ್ಯಾರೇಜು ಬಿಟ್ಟೆ. ಮರುದಿನ ಹೆಗಲಿಗೆ ಚೀಲ ಬಂತು. ಅದರಲ್ಲಿ ತರಕಾರಿ ಹೆಚ್ಚುವ ಡಬ್ಬಿ, ಗ್ಯಾಸ್ ಉಳಿಸುತ್ತದೆ ಎನ್ನುವ ಜಾಲರಿ. ಮನೆಮನೆಗೆ ಹೋಗಿ ಮಾರಬೇಕು.

“ಇದು ಬರೀ ಟ್ರೇನಿಂಗ್. ನಾನೂ ಹಿಂಗ ಶುರು ಮಾಡೇನಿ” ಎಂದ ಸರ್.

ಅಲ್ಲಿ ಕಲಿಸಿದ ಮೊದಲ ಪಾಠ ಇದು. ಬಾಗಿಲಲ್ಲಿ ಸಾಮಾನಿನ ಮಾತು ತೆಗೆಯಬೇಡ, ನೀರು ಕೇಳು. ನಮ್ಮ ಕಡೆ ನೀರು ಇಲ್ಲ ಅನ್ನುವವರಿಲ್ಲ. ಕುಡಿದು ಲೋಟ ವಾಪಸ್ ಕೊಡುವಾಗ ಚೀಲ ಬಿಚ್ಚು.

ಆಯಿ ನೀರಿನ ಜೊತೆ ಬೆಲ್ಲದ ತುಣುಕೂ ತಂದಳು. ಕೊಡುವ ಮೊದಲು ಕೇಳಿದಳು.

“ನೀರಡಿಕಿ ಖರೇನ ಆಗೇತೋ ತಮ್ಮಾ, ಇಲ್ಲಾ ಕೇಳಂತ ಕಲಿಸಿ ಕಳಿಸ್ಯಾರೋ?”

“ಖರೇನ ಆಗೇತ್ರಿ.”

“ಹಂಗಾರ ಕುಡಿ. ಹ್ವಾದ ವಾರ ಟೈ ಕಟಗೊಂಡು ಇಬ್ಬರು ಬಂದಿದ್ರು, ಅವರಿಗೂ ಖರೇನ ಆಗಿತ್ತು.”

ಏನೂ ಕೊಳ್ಳಲಿಲ್ಲ. ಆದರೂ ಆ ಕಡೆ ಹೋದಾಗಲೆಲ್ಲ ಆಕೆಯ ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಳ್ಳುವುದು ನನಗೆ ರೂಢಿಯಾಯಿತು. ಹತ್ತೊಂಬತ್ತರ ಮೊಮ್ಮಗಳೊಬ್ಬಳು ಆಕೆಯ ಜೊತೆಗಿದ್ದಳು. ಪಿಯುಸಿಯಲ್ಲಿ ಒಂದು ವಿಷಯ ಉಳಿದು, ಮತ್ತೆ ಪರೀಕ್ಷೆಗೆ ಓದುತ್ತಿದ್ದಳು. “ನಾ ಗಂಟಿ ಹೊಡದ ಸಾಲ್ಯಾಗ ಈಕಿ ಪಾಠಾ ಹೇಳಬೇಕು” ಎನ್ನುತ್ತಿದ್ದಳು ಆಯಿ. ಆಕೆಗಿದ್ದ ಆಸೆ ಅದೊಂದೇ.

ಆಯಿಗೆ ಓದಲು ಬರುತ್ತಿರಲಿಲ್ಲ. ಕರೆಂಟ್ ಬಿಲ್ಲಾಗಲಿ, ಲಗ್ನಪತ್ರಿಕೆಯಾಗಲಿ, ಯಾರಾದರೂ ಸಿಕ್ಕರೆ ಎರಡು ಸಲ ಗಟ್ಟಿಯಾಗಿ ಓದಿಸುವಳು. “ಮೊದಲನೇ ಸಲ ಇದ್ದದ್ದು ಕೇಳಸ್ತೈತಿ, ಎರಡನೇ ಸಲ ಇಲ್ಲದ್ದು.” ನಾನೊಮ್ಮೆ ಜಂಬದಿಂದ ನನ್ನ ನೇಮಕಾತಿ ಪತ್ರ ತೆಗೆದೆ. ಅದನ್ನೂ ಎರಡು ಸಲ ಓದಿಸಿದಳು.

“ಪಗಾರ ಎಲ್ಲಿ ಬಂತೋ ಇದರಾಗ?”

“ಮಾರಿದಷ್ಟು ಕಮಿಷನ್ ರೀ ಆಯಿ. ಮುಂದ ಮ್ಯಾನೇಜರ್ ಮಾಡ್ತಾರ.”

“ಯಾವಾಗಂತ ಬರದೈತಿ?”

ಬರೆದಿರಲಿಲ್ಲ. ಮಾತು ತಿರುಗಿಸಲು ಆಫೀಸಿನ ಗಂಟೆಯ ವಿಷಯ ಹೇಳಿದೆ. ಹೆಚ್ಚು ಮಾರಿದವನು ಸಂಜೆ ಗಂಟೆ ಹೊಡೆಯಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು.

“ಇಪ್ಪತ್ತೆಂಟು ವರ್ಷ ಗಂಟಿ ಹೊಡದೇನಪಾ ನಾ. ಯಾರೂ ಹೆಡ್‌ಮಾಸ್ತರ ಮಾಡಲಿಲ್ಲ.”

ಒಳಗೆ ಮೊಮ್ಮಗಳು ಕಿಸಕ್ಕನೆ ನಕ್ಕಳು. ನನ್ನ ಮುಖಕ್ಕೆ ಬೆಂಕಿ ಬಿದ್ದಂತಾಯಿತು.

“ಓದಾಕ ಬರದವರಿಗೆ ಆಫೀಸ್ ಕಾಗದ ಏನ ತಿಳೀತೈತಿ ಬಿಡ್ರಿ” ಎಂದುಬಿಟ್ಟೆ.

ಆಯಿ ಕಾಗದವನ್ನು ಹಳೆಯ ಮಡಿಕೆಯಲ್ಲೇ ಮಡಚಿ ಕೈಗೆ ಕೊಟ್ಟಳು. “ಬೆಲ್ಲ ಹಂಗ ಉಳೀತು ನೋಡು, ತಿನ್ನು” ಎಂದಳು.

ಮುಂದಿನ ತಿಂಗಳು ಸರ್ ಹೇಳಿದ, ಟೀಮ್ ಲೀಡರ್ ಆಗಬೇಕಾದರೆ ಒಬ್ಬರನ್ನು ಸೇರಿಸು ಅಂತ. ಗ್ಯಾರೇಜಿನ ಗೆಳೆಯರು ನಕ್ಕು ಕಳಿಸಿದರು. ಆಯಿ ಸಂತೆಗೆ ಹೋದ ಹೊತ್ತು ನೋಡಿ ಮೊಮ್ಮಗಳ ಹತ್ತಿರ ಹೋದೆ. “ಹುಡುಗ್ಯಾರಿಗೆ ಚೀಲ ಇಲ್ಲವ್ವಾ, ಫ್ಯಾನ್ ಕೆಳಗ ಕುಂತು ಮಾಡು ಕೆಲಸ” ಎಂದೆ. ಆ ಸುಳ್ಳನ್ನು ಯಾರೂ ಕಲಿಸಿದ್ದಲ್ಲ. ಅದು ನನ್ನದೇ.

ಟ್ಯೂಷನ್ನಿಗೆ ಹೋಗುತ್ತೇನೆಂದು ಆಯಿಗೆ ಹೇಳಿ ಅವಳು ಬಂದಳು. ಮೂರನೇ ದಿನ ಅವಳ ಹೆಗಲಿಗೂ ಚೀಲ ಬಂತು. ಬಿರುಬಿಸಿಲಿನಲ್ಲಿ ನಮ್ಮಿಬ್ಬರನ್ನು ಹೆಬ್ಬಳ್ಳಿಗೆ ಕಳಿಸಿದರು. ಊರಲ್ಲಿ ನಾನೊಂದು ಕಡೆ, ಅವಳೊಂದು ಕಡೆ. ಮಧ್ಯಾಹ್ನ ಯಾರದೋ ಮನೆಯ ಕಟ್ಟೆಯ ಮುಂದೆ ಬಿದ್ದಳು. ಊರವರೇ ನೀರು ಹಾಕಿ, ಗಾಡಿ ಮಾಡಿ ನನ್ನ ಜೊತೆ ಆಸ್ಪತ್ರೆಗೆ ಕಳಿಸಿಕೊಟ್ಟರು.

ಆಯಿ ಓಡಿ ಬಂದಳು. ಸಲೈನ್ ಹಚ್ಚಿದ್ದ ಮೊಮ್ಮಗಳ ಕೈ ಹಿಡಿದು ಕೇಳಿದಳು, “ಅಷ್ಟು ಮನಿ ಅದಾವು, ಒಬ್ಬರ ಮನ್ಯಾಗರೆ ನೀರ ಕೇಳಬಾರದೇನ?”

“ಕೇಳಿದ್ರ ಚೀಲ ಬಿಚ್ಚಬೇಕಾಗ್ತಿತ್ತ ಆಯಿ.”

ಆಯಿ ನನ್ನ ಕಡೆ ನೋಡಿದಳು.

ಹುಡುಗಿ ಉಳಿದಳು. ಆ ವಾರವೇ ಇದ್ದ ಪರೀಕ್ಷೆ ಹೋಯಿತು. ಮತ್ತೆ ಕಟ್ಟಲಿಲ್ಲ. ಮರುವರ್ಷ ಮದುವೆ ಮಾಡಿದರು. ಅವಳು ಬಿದ್ದ ವಾರವೇ ಆಫೀಸಿನಲ್ಲಿ ನನ್ನನ್ನು ಟೀಮ್ ಲೀಡರ್ ಎಂದು ಕೂಗಿ ಗಂಟೆ ಹೊಡೆಯಲು ಕರೆದರು. ಹೋಗಿ ಹೊಡೆದೆ. ಎರಡು ತಿಂಗಳಿಗೆ ಮಹಡಿಯ ಮೇಲೆ ಬೋರ್ಡೂ ಇರಲಿಲ್ಲ, ಸರ್ ಕೂಡ ಇರಲಿಲ್ಲ. ಮರಳಿ ಗ್ಯಾರೇಜಿಗೆ ಸೇರಿದೆ.

ಈಗಲೂ ಅಂಥ ಚೀಲದವರು ಗ್ಯಾರೇಜಿಗೆ ಬರುತ್ತಾರೆ. ನೀರು ಕೇಳುತ್ತಾರೆ. ಕೊಟ್ಟು, ನಿಮ್ಮ ಕಾಗದ ಎರಡು ಸಲ ಓದ್ರಿ, ಪಗಾರ ಎಲ್ಲೈತಿ ನೋಡ್ರಿ ಎನ್ನುತ್ತೇನೆ. ಕೆಲವರು ಸಿಟ್ಟಾಗುತ್ತಾರೆ. “ಮೆಕ್ಯಾನಿಕ್‌ಗೆ ಇದೆಲ್ಲಾ ಏನ ತಿಳೀತೈತ್ರಿ?” ಎಂದ ಒಬ್ಬ.

ಆಯಿ ಹೋದ ವರ್ಷ ತೀರಿಕೊಂಡಳು. ಅದಕ್ಕೂ ಮೊದಲು ಒಮ್ಮೆ, ತಪ್ಪಾಯಿತು ಅನ್ನಲು ಹೋಗಿದ್ದೆ. ಗ್ಯಾರೇಜಿನಿಂದ ಬಿಸಿಲಲ್ಲಿ ನಡೆದು ಹೋಗಿದ್ದೆ, ಗಂಟಲು ಒಣಗಿ ಮಾತು ಏಳಲಿಲ್ಲ. ಆಯಿ ಒಳಗಿನಿಂದ ನೀರು ತಂದಳು, ಬೆಲ್ಲವನ್ನೂ ತಂದಳು. ಬಾಗಿದ ಹೆಬ್ಬೆರಳು ನನ್ನ ಕಡೆಗೇ ಇತ್ತು. ಆ ಪ್ರಶ್ನೆ ಕೇಳಲಿ ಎಂದು ಕಾದೆ. ಅವತ್ತು ನನಗೆ ಖರೇನೇ ನೀರಡಿಸಿತ್ತು.

ಕೇಳಲಿಲ್ಲ. ಲೋಟ ಕೈಗಿಟ್ಟು, ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಕುಡಿದು, ಲೋಟವನ್ನು ಕಟ್ಟೆಯ ಮೇಲಿಟ್ಟು ಬಂದೆ.