ಅಕ್ಕನ ಸಮುದ್ರದಲ್ಲಿ ಎಮ್ಮೆ

ಮಂಡ್ಯದ ಒಂದು ಫೋಟೋ ಸ್ಟುಡಿಯೋದಲ್ಲಿ ನಾನು ಕಸ ಗುಡಿಸುತ್ತಿದ್ದೆ. ಓದು ಮೂರನೇ ಕ್ಲಾಸಿಗೇ ನಿಂತಿತ್ತು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅಕ್ಕ. ನನಗೋಸ್ಕರ ಮದುವೆಯನ್ನೇ ಬೇಡವೆಂದವಳು. ನಮ್ಮೂರು ಕೊತ್ತತ್ತಿಯಿಂದ ಹೊರಟರೆ ಮದ್ದೂರು ಸಂತೆಯೇ ಅವಳಿಗೆ ಪ್ರಪಂಚದ ಕೊನೆ. ಅವಳಿಗಿದ್ದದ್ದು ಒಂದೇ ಆಸೆ, ಸೂರ್ಯ ಸಮುದ್ರಕ್ಕೆ ಬೀಳುವುದನ್ನು ನೋಡಬೇಕು.

“ಕಾದ ಬಾಣಲೆ ನೀರಿಗಾಕ್ದಂಗೆ ಚೊಯ್ ಅಂತದೇನ್ಲಾ?” ಎಂದು ಕೇಳುತ್ತಿದ್ದಳು.

ಯುದ್ಧದ ದಿನಗಳು, ಫಿಲಂ ಸಿಗುವುದೇ ಕಷ್ಟ. ಬೆಲ್ಲದ ಲಾರಿಯೊಂದು ಮಂಗಳೂರಿಗೆ ಹೊರಟಿತ್ತು. ಅಕ್ಕನಿಗೆ ಸೂರ್ಯನನ್ನು ಪಟದಲ್ಲಾದರೂ ತರುತ್ತೇನೆಂದು ಮಾತು ಕೊಟ್ಟು, ಸ್ಟುಡಿಯೋ ಯಜಮಾನರನ್ನು ಕಾಡಿ, ಡಬ್ಬದಂಥ ಕ್ಯಾಮೆರಾ ಇಸಕೊಂಡು ಲಾರಿ ಹತ್ತಿದೆ.

ದಾರಿಯುದ್ದಕ್ಕೂ ನನ್ನ ಪಟವನ್ನೇ ತೆಗೆಸಿಕೊಂಡೆ. ಲಾರಿಗೆ ಒರಗಿ, ಡ್ರೈವರನ ಟೋಪಿ ಹಾಕಿ, ಬೀಡಿ ಸೇದುವವನ ಹಾಗೆ. ಕಡಲ ದಂಡೆಗೆ ಬಂದಾಗ ಫಿಲಂನಲ್ಲಿ ಒಂದೇ ಪಟ ಉಳಿದಿತ್ತು. ಸೂರ್ಯ ನೀರಿಗೆ ತಾಗುವುದರಲ್ಲಿದ್ದ. ಆಗಲಾದರೂ ಅಕ್ಕ ನೆನಪಾಗಬೇಕಿತ್ತು. ನಾನು ಕ್ಯಾಮೆರಾವನ್ನು ಡ್ರೈವರನ ಕೈಗಿತ್ತು, ತಲೆ ಬಾಚಿ, ಸಮುದ್ರಕ್ಕೆ ಬೆನ್ನು ಹಾಕಿ ನಿಂತೆ. ತಿರುಗುವಷ್ಟರಲ್ಲಿ ಸೂರ್ಯ ಇರಲಿಲ್ಲ.

ಸ್ಟುಡಿಯೋದಲ್ಲಿ ಫಿಲಂ ತೊಳೆದು ನೋಡಿದರೆ ಸೂರ್ಯ ಸರಿಯಾಗಿ ನನ್ನ ತಲೆಯ ಹಿಂದೆ! ಮುಖವೆಲ್ಲ ಮಸಿ, ಸುತ್ತ ದೇವರ ಪ್ರಭಾವಳಿ.

ಅದನ್ನು ಅಕ್ಕನಿಗೆ ತೋರಿಸುವ ಮುಖವಿರಲಿಲ್ಲ. ಯಜಮಾನರ ಹತ್ತಿರ ಉಳಿದಿದ್ದ ಫಿಲಂ ತುಣುಕು ಬೇಡಿ ತಂದು, ಸಂಜೆ ನಮ್ಮೂರ ಕೆರೆ ಏರಿಯ ಮೇಲೆ ನಿಂತು, ನೀರಿಗಿಳಿಯುವ ಸೂರ್ಯನ ಕಡೆ ಗುಂಡಿ ಒತ್ತಿದೆ. ನಡುನೀರಿನಲ್ಲಿ ಪಕ್ಕದ ಮನೆಯವನ ಎಮ್ಮೆ ಬೆನ್ನಷ್ಟೇ ತೋರಿಸಿಕೊಂಡು ಮಲಗಿತ್ತು. ಕಲ್ಲೆಸೆದರೂ ಏಳಲಿಲ್ಲ.

ಸಮುದ್ರ ನೋಡಲು ಊರೇ ನಮ್ಮ ಜಗಲಿಗೆ ಬಂತು. ಎಮ್ಮೆಯ ಒಡೆಯ ಪಟವನ್ನು ಕಣ್ಣಿಗೆ ಹತ್ತಿರ ಹಿಡಿದ. ನಾನು ಜಗಲಿಯಿಂದ ಒಂದು ಮೆಟ್ಟಿಲು ಕೆಳಗಿಳಿದೆ.

“ಅಬ್ಬಬ್ಬಾ, ಎಂಥಾ ಮೀನ್ಲಾ ಇದು! ಲಾರಿನೇ ನುಂಗ್ಬುಡ್ತದೆ!” ಎಂದ. “ನಮ್ಮೂರಲ್ಲೂ ಅದೆ ಒಂದ್ ಕೆರೆ, ದಂಡಕ್ಕೆ.”

“ಚೊಯ್ ಅಂತೇನ್ಲಾ?” ಎಂದಳು ಅಕ್ಕ.

“ಅಂತು ಕಣಕ್ಕ.”

ಅವಳು ಪಟವನ್ನು ದೇವರ ಗೂಡಿನಲ್ಲಿಟ್ಟು ಸೂರ್ಯನಿಗೆ ಕುಂಕುಮ ಹಚ್ಚಿದಳು. ಕಪ್ಪು ಬಿಳುಪಿನ ಸೂರ್ಯ ಕೆಂಪಗಾದ.

ಯುದ್ಧ ಮುಗಿದ ಮೇಲೆ ಸೋದರಮಾವನ ಮನೆಯವರು ಗೋಕರ್ಣಕ್ಕೆ ಹೊರಟು, ಅಕ್ಕನನ್ನು ಕರೆಯಲು ಬಂದರು. ಅವರ ಮೋಟಾರಿನಲ್ಲಿ ಇನ್ನೊಬ್ಬರಿಗಷ್ಟೇ ಜಾಗವಿತ್ತು.

“ನಾನ್ ನೋಡಾಯ್ತಲ್ಲ, ಸಮುದ್ರವ,” ಎಂದಳು ಅಕ್ಕ. “ಇವ್ನು ಆಸೆಬುರುಕ, ಇವ್ನೇ ಓಗ್ಲಿ ಬುಡಿ.”

ಅಕ್ಕ, ಅದು ನಮ್ಮ ಕೆರೆ ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಗೆ ಅವಳು ದಾರಿಗೆಂದು ಕರಿದಿದ್ದ ಚಕ್ಕುಲಿ ತುರುಕಿದಳು. ಅಗಿದೆ, ನುಂಗಿದೆ, ಹೊರಟೆ. ಸಮುದ್ರ ನೋಡುವ ಅಂಥ ಅವಕಾಶ ಅವಳಿಗೆ ಮತ್ತೆ ಬರಲಿಲ್ಲ.

ಗೋಕರ್ಣದಲ್ಲಿ ಈ ಸಲ ಸಮುದ್ರಕ್ಕೆ ಮುಖ ಮಾಡಿಯೇ ನಿಂತೆ. ಸೂರ್ಯ ಸದ್ದಿಲ್ಲದೆ ಇಳಿದ.

ವಾಪಸು ಬಂದಾಗ ಅಕ್ಕ ಬಾಗಿಲಲ್ಲೇ ಕೇಳಿದಳು: “ಆ ಮೀನು ಕಾಣುಸ್ತೇನ್ಲಾ?”

ಪಕ್ಕದ ಹಟ್ಟಿಯಲ್ಲಿ ಎಮ್ಮೆ ಆಗಷ್ಟೇ ಈದ ಕರುವನ್ನು ನೆಕ್ಕುತ್ತಿತ್ತು.

“ಕಾಣುಸ್ತು ಕಣಕ್ಕ. ಮರಿ ಆಕ್ಬುಟ್ಟದೆ.”

“ಅಯ್ಯೋ, ಬಾಣ್ತಿ! ತಣ್ಣೀರಲ್ಲೇ ಇರ್ಬೇಕಲ್ಲೋ!” ಎಂದು ಮರುಗುತ್ತಾ ಒಳಗೆ ಹೋಗಿ, ಪಟದಲ್ಲಿದ್ದ ಆ ಕಪ್ಪು ಬೆನ್ನಿಗೂ ಒಂದು ಬೊಟ್ಟು ಕುಂಕುಮ ಇಟ್ಟಳು.